ಕರ್ತನ ಭೋಜನಕ್ಕೆ ಏಳದ ಎಸ್ತೇರವ್ವ

“ಹೊಟ್ಟ್ಯಾಗಿನ ಕೂಸನ್ನ ಉಳಿಸಿಕೊಳ್ಳಲಿಲ್ಲ, ಒಲಿ ಮ್ಯಾಲಿನ ಹಾಲರ ಎಲ್ಲಿ ಉಳಿಸ್ತಿ!”

ಅಯ್ಯೋ, ಆಡಿಯೇಬಿಟ್ಟಳು ಎಸ್ತೇರವ್ವ! ಉಕ್ಕಿದ ಹಾಲು ಬೂದಿಯ ಪಾಲಾಗುತ್ತಿತ್ತು. ಸೊಸೆ ಸುಗುಣಾ ಕೈಯಲ್ಲಿ ಅರಿವೆ ಹಿಡಿದು ಹಾಗೆಯೇ ನಿಂತುಬಿಟ್ಟಳು. ಇಂಥ ಮಾತಿಗೇ ಅಲ್ಲವೇ ಈ ಹುಡುಗಿ ಮೋರಟಗಿಯ ತವರಿಗೆ ಹೋಗಿ ಆರು ತಿಂಗಳು ಕೂತದ್ದು? ಸತ್ತು ಹುಟ್ಟಿದ ಕೂಸಿನ ನೋವು ಆರಗೊಡದೆ ಅತ್ತೆ ದಿನವೂ ಕೆದಕಿದ್ದಳು. ಮೊನ್ನೆ ಹೆಂಡತಿಯನ್ನು ಕರೆತಂದ ಮಗ ದಾನಿಯೇಲ, ಸಿಂದಗಿಯ ಶಾಲಾ ಮಾಸ್ತರ, ಹೊಸ್ತಿಲಲ್ಲೇ ನಿಂತು ಹೇಳಿದ್ದ: “ಅವ್ವಾ, ಇನ್ನೊಮ್ಮೆ ಕೂಸಿನ ಮಾತು ತಗದ್ರ ನಾವಿಬ್ರೂ ಬ್ಯಾರೆ ಊರಿಗೆ ಹೋಗ್ತೇವಿ. ತಿರುಗಿ ಬರೂದಿಲ್ಲ.” ದೇವರ ಮುಂದೆ ಮಾತು ಕೊಟ್ಟಿದ್ದಳು ಎಸ್ತೇರವ್ವ. ಎರಡು ದಿನವೂ ತಡೆಯಲಿಲ್ಲ!

ಪುಣ್ಯಕ್ಕೆ ಮಗ ಮನೆಯಲ್ಲಿರಲಿಲ್ಲ. ವಿಜಾಪುರದಿಂದ ಬರುವ ಪಾದ್ರಿಯವರನ್ನು ಕರೆತರಲು ಬಸ್ಸಿನ ಹತ್ತಿರ ಹೋಗಿದ್ದ. ಅವನು ಬಂದದ್ದೇ ತಡ, ಮುದುಕಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಸುಗುಣಾ ಗಂಡನಿಗೆ ನೀರು ಕೊಡುವಾಗಲೂ ಬಾಗಿಲ ಮರೆಯಿಂದ ಕಿವಿಗೊಟ್ಟಳು. ಹೇಳಿದಳೋ... ಈಗ ಹೇಳುತ್ತಾಳೋ... ಶುಕ್ರವಾರದ ಉಪವಾಸ ಬಿಟ್ಟವಳಲ್ಲ, ಕೋಳಿ ಕೂಗುವ ಮೊದಲಿನ ಪ್ರಾರ್ಥನೆ ತಪ್ಪಿಸಿದವಳಲ್ಲ ಎಸ್ತೇರವ್ವ. ಬಾಯಿಗೆ ಹೋಗುವ ಅನ್ನವನ್ನು ತಡೆಯಬಲ್ಲವಳಿಗೆ ಬಾಯಿಂದ ಬರುವ ಮಾತನ್ನು ತಡೆಯಲು ಏನು ಧಾಡಿಯಾಗಿತ್ತು? ಅದನ್ನೇ ತನ್ನನ್ನು ತಾನು ಕೇಳಿಕೊಂಡಳು.

ಮೂರು ತಿಂಗಳಿಗೊಮ್ಮೆ ಪಾದ್ರಿಯವರು ಬಂದಾಗಲೇ ಆ ಸಣ್ಣ ಕ್ರೈಸ್ತ ಸಭೆಗೆ ಕರ್ತನ ಭೋಜನ, ಪ್ರಭುವಿನ ನೆನಪಿನ ರೊಟ್ಟಿ, ದ್ರಾಕ್ಷಾರಸ. ಮನಸ್ಸಿನಲ್ಲಿ ಮುನಿಸೋ ಸುಳ್ಳೋ ಇಟ್ಟುಕೊಂಡು ಅದನ್ನು ಮುಟ್ಟುವಂತಿಲ್ಲ. ಹಿಂದಿನ ಸಂಜೆ ಅವರು ಮನೆಮನೆಗೂ ಹೋಗಿ ಕೇಳುವುದು ರೂಢಿ: “ಒಬ್ಬರ ಮ್ಯಾಲೊಬ್ಬರಿಗೆ ಮುನಿಸೇನರ ಐತೇನ್ರಿ?”

ಸುಗುಣಾ ತಲೆ ಎತ್ತಲಿಲ್ಲ. “ಏನಿಲ್ರಿ ಅಯ್ಯನವರ.”

“ಏನಿಲ್ರಿ,” ಎಂದಳು ಎಸ್ತೇರವ್ವನೂ. ಬದುಕಿದೆ ಎಂದುಕೊಂಡಳು. ಆದರೂ ಆ ಸಂಜೆಯ ರೊಟ್ಟಿಯನ್ನು ಮುರಿದು ಹಾಗೆಯೇ ತಾಟಿನಲ್ಲಿ ಬಿಟ್ಟಳು.

ಭಾನುವಾರ ಪ್ರಾರ್ಥನೆಯಲ್ಲಿ ಮುಂದೆ ಹೋಗಿ ಭೋಜನ ತೆಗೆದುಕೊಳ್ಳಲು ಅವರ ಸಾಲಿನ ಸರದಿ ಬಂತು. ಎಲ್ಲರೂ ಎದ್ದರು. ಎಸ್ತೇರವ್ವ ಮಾತ್ರ ಜಮಖಾನದ ಮೇಲೆ ಕೂತೇ ಇದ್ದಳು.

“ಏಳವ್ವಾ, ಮಂದಿ ನೋಡಾಕತ್ತಾರ,” ದಾನಿಯೇಲ ಪಿಸುಗುಟ್ಟಿದ.

ಎದ್ದರೆ ಮಗ ಉಳಿಯುತ್ತಾನೆ. ಕೂತರೆ ಹೋಗುತ್ತಾನೆ... ಇದ್ದೊಬ್ಬ ಮಗ!

“ನಾ ಬರೂದಿಲ್ಲಪಾ. ನಿನ್ನಿ ಮತ್ತ ಕೂಸಿನ ಮಾತು ತಗದೇನಿ. ಅಯ್ಯನವರ ಮುಂದ ಸುಳ್ಳೂ ಹೇಳೇನಿ.”

ದಾನಿಯೇಲನ ಮುಖ ಕಪ್ಪಿಟ್ಟಿತು. ಎದ್ದು ನಿಂತಿದ್ದ ಸುಗುಣಾ ದೊಪ್ಪನೆ ಕುಸಿದು ಕೂತಳು. “ನಾನೂ ಸುಳ್ಳು ಹೇಳೇನ್ರಿ ಅತ್ತಿ! ಏನಿಲ್ಲ ಅಂದೆ... ಎದಿ ಸುಡಾಕತ್ತಿತ್ರಿ!” ಆರು ತಿಂಗಳಿಂದ ತಡೆದ ಅಳು ಒಮ್ಮೆಲೇ ಒಡೆದು ಬಂತು.

ಅಪ್ಪಿಕೊಳ್ಳಲು ಚಾಚಿದ ಕೈಯನ್ನು ಎಸ್ತೇರವ್ವ ಹಿಂದಕ್ಕೆಳೆದುಕೊಂಡಳು. “ಕ್ಷಮಾ ಕೇಳೂದಿಲ್ಲವ್ವಾ. ಕೇಳಿ ಕೇಳಿ ಅದು ನನಗ ಚಟ ಆಗೈತಿ. ಅಯ್ಯನವರು ಮತ್ತ ಬರೂತನಕ ನನ್ನ ಬಾಯಿ ನಾ ಕಾಯ್ಕೋತೇನಿ. ದೇವರು ಬಲ ಕೊಡಲಿ. ಆವಾಗ ನಾ ಏಳಬೇಕೋ ಕೂಡಬೇಕೋ, ನೀನ ಹೇಳು.”

“ನಡಿ ಸುಗುಣಾ,” ದಾನಿಯೇಲನ ದನಿ ಕಟುವಾಗಿತ್ತು. “ಇವತ್ತ ಹೋಗಿಬಿಡೂಣು.”

ಎಸ್ತೇರವ್ವ ತಡೆಯಲಿಲ್ಲ. ತುಟಿ ಬಿಗಿಹಿಡಿದು ಕಣ್ಣು ಮುಚ್ಚಿದಳು.

ಸುಗುಣಾ ಸೆರಗಿನಿಂದ ಮುಖ ಒರೆಸಿಕೊಂಡಳು. “ಹೆಂಗ ಹೋಗೂದ್ರಿ? ಮೂರು ತಿಂಗಳಾದ ಮ್ಯಾಲೆ ಅತ್ತಿಗೆ ಏಳ್ರಿ ಅನ್ನಾಕ ನಾ ಇಲ್ಲೇ ಇರಬೇಕಲ್ಲ.”