ಹಗ್ಗದ ಇನ್ನೊಂದು ತುದಿ

ಹಗ್ಗ ಹಗುರವಾಗಿದೆ ಎಂದು ನಮಿತಾಳಿಗೆ ಗೊತ್ತಾದದ್ದು ಗಾಳಿಮರದ ತೋಪಿನ ಹತ್ತಿರ ಬಂದ ಮೇಲೆ.

ಸೊಂಟಕ್ಕೆ ಕಟ್ಟಿದ್ದ ಹಗ್ಗವನ್ನು ಹಿಡಿದು ಜಗ್ಗಿದಳು. ಅದು ಮರಳಿನ ಮೇಲೆ ಸರ್ರನೆ ಜಾರಿಕೊಂಡು ಅವಳ ಕಾಲ ಬಳಿಗೇ ಬಂತು. ಇನ್ನೊಂದು ತುದಿಯಲ್ಲಿ ಇರಬೇಕಾದ ವಂದನಾ ಇರಲಿಲ್ಲ.

ನಮಿತಾ ತಿರುಗಿ ನೋಡಿದಳು. ಹಿಂದೆ ಇದ್ದದ್ದು ಈಗಷ್ಟೇ ದಾಟಿ ಬಂದ ಹಿನ್ನೀರು. ಅದರಾಚೆ ಎಣ್ಣೂರು ಕಡಲತೀರದ ಉದ್ದನೆಯ ಮರಳು, ದೂರದಲ್ಲಿ ಹೊಗೆ ಬಿಡುವ ಚಿಮಣಿಗಳು.

ಅದು ಮಕ್ಕಳ ಅಡ್ವೆಂಚರ್ ರೇಸ್. ಇಬ್ಬಿಬ್ಬರ ಟೀಮ್. ಮರಳಲ್ಲಿ ಓಡಿ, ಮೊಣಕಾಲುದ್ದ ನೀರು ದಾಟಿ, ತೋಪಿನಲ್ಲಿ ಕಟ್ಟಿದ ಬಲೆ ಹತ್ತಿ ಇಳಿದರೆ ಮುಗಿಯಿತು. ಗಟ್ಟಿ ಇರುವವರು ಜೊತೆಯವರನ್ನು ಹಗ್ಗ ಕಟ್ಟಿ ಎಳೆದುಕೊಂಡು ಓಡಬಹುದು. ಹೋದ ಎರಡು ವರ್ಷ ನಮಿತಾ ದೊಡ್ಡಪ್ಪನ ಮಗ ಸುಕೇಶನ ಜೊತೆ ಓಡಿ ಕಪ್ ಗೆದ್ದಿದ್ದಳು. ಮೂರನೇ ಸಲವೂ ಗೆದ್ದರೆ ಕಪ್ಪನ್ನು ವಾಪಸ್ ಕೊಡಬೇಕಾಗಿಲ್ಲ. ಕೋಡಂಬಾಕ್ಕಂನಲ್ಲಿರುವ ಅಪ್ಪನ ಹೋಟೆಲಿನಲ್ಲಿ, ದೇವರ ಫೋಟೋ ಪಕ್ಕದಲ್ಲಿ ಅದಕ್ಕೆ ಜಾಗವೂ ಸಿದ್ಧವಾಗಿತ್ತು.

ಆದರೆ ಸುಕೇಶನಿಗೆ ಈ ವರ್ಷ ಟೆಂತ್, ಟ್ಯೂಷನ್ ತಪ್ಪಿಸುವ ಹಾಗಿಲ್ಲ. ಬೇರೆ ಯಾರೂ ಸಿಗದೆ ನಮಿತಾ ವಂದನಾಳನ್ನು ಕರೆದಿದ್ದಳು. ವಂದನಾ ಮೂರು ತಿಂಗಳ ಹಿಂದಷ್ಟೇ ತುಮಕೂರಿನಿಂದ ಬಂದು ಕ್ಲಾಸಿಗೆ ಸೇರಿದವಳು. ರೇಸ್ ಎಂದು ಓಡಿದ್ದು ಇದೇ ಮೊದಲು. ಓಡುವ ಶೂ ಕೂಡ ಇರಲಿಲ್ಲ, ನಮಿತಾಳೇ ತನ್ನ ಹಳೆಯ ಜೋಡಿ ಕೊಟ್ಟಿದ್ದಳು.

ನೀರು ದಾಟುವಾಗ ಹಿಂದೆ ಭಾರ ಇತ್ತಲ್ಲ ಎಂದು ನಮಿತಾ ನೆನಪು ಮಾಡಿಕೊಂಡಳು. ಹಾಗಾದರೆ ತನ್ನನ್ನು ಜಗ್ಗುತ್ತಿದ್ದದ್ದು ಬರೀ ಒದ್ದೆ ಹಗ್ಗವೇ?

ಅವಳು ಬಂದ ದಾರಿಯಲ್ಲೇ ಓಡಿದಳು. ದಡದಲ್ಲಿ ಬಲೆ ಒದರುತ್ತಿದ್ದ ಮೀನುಗಾರರೊಬ್ಬರನ್ನು ತಮಿಳಿನಲ್ಲಿ ಕೇಳಿದಳು. ಹಗ್ಗ ಕಟ್ಟಿಕೊಂಡ ಹುಡುಗಿ ಒಬ್ಬಳೇ ನೀರು ದಾಟಿದ್ದು, ಹಿಂದೆ ಯಾರೂ ಇರಲಿಲ್ಲ ಎಂದರು ಅವರು. ವಂದನಾಳಿಗೆ ಈಜು ಬರುತ್ತದೋ ಇಲ್ಲವೋ ಅದೂ ಗೊತ್ತಿರಲಿಲ್ಲ. ನಮಿತಾ ಕೇಳಿಯೇ ಇರಲಿಲ್ಲ.

ನೀರಿಗೆ ಇಳಿದು, ಎರಡೂ ಕೈಯಿಂದ ತಡಕಾಡುತ್ತ, ವಂದನಾಳ ಹೆಸರು ಕೂಗುತ್ತ ನಡೆದಳು. ಎದುರಿನಿಂದ ಬಂದ ಎರಡು ಟೀಮ್‌ಗಳು ಅವಳನ್ನು ವಿಚಿತ್ರವಾಗಿ ನೋಡಿಕೊಂಡು ಮುಂದೆ ಹೋದವು. ಅಳು ಬಂದು ಕಣ್ಣು ಮಂಜಾಗಿ ದಡವೇ ಸರಿಯಾಗಿ ಕಾಣಲಿಲ್ಲ.

ಆಚೆ ದಡದಲ್ಲಿ ಒಂದು ದೋಣಿಯನ್ನು ಮಗುಚಿ ಹಾಕಿದ್ದರು. ಅದರ ನೆರಳಿನಲ್ಲಿ ವಂದನಾ ಕೂತಿದ್ದಳು. ಕಾಲಿನಿಂದ ಶೂ ತೆಗೆದಿದ್ದಳು. ಹಿಮ್ಮಡಿಯ ಚರ್ಮ ಸುಲಿದು ಸಾಕ್ಸ್ ಕೆಂಪಾಗಿತ್ತು.

ನಮಿತಾ ಮರಳಿನ ಮೇಲೆ ಕುಸಿದು ಕೂತಳು. ಸಮಾಧಾನವೂ ಸಿಟ್ಟೂ ಒಟ್ಟಿಗೇ ಬಂದವು.

"ಹಗ್ಗ ಎಂತಕ್ಕೆ ಬಿಚ್ಚಿದ್ದು ಮಾರಾಯ್ತಿ? ನಾನು ಎಷ್ಟು ಹೆದರಿದೆ ಗೊತ್ತುಂಟಾ?"

"ನನ್ನಿಂದ ನೀನು ಸ್ಲೋ ಆಗ್ತಿದ್ದೆ ಕಣೆ," ಎಂದಳು ವಂದನಾ. "ಬಿಟ್ಬಿಟ್ರೆ ನೀನಾದ್ರೂ ಫಸ್ಟ್ ಬರ್ತೀಯ ಅಂದ್ಕೊಂಡೆ."

"ಇಬ್ರೂ ಒಟ್ಟಿಗೆ ಮುಟ್ಟಿದ್ರೆ ಮಾತ್ರ ಲೆಕ್ಕ. ಒಬ್ಳೇ ಹೋದ್ರೆ ಔಟ್."

ವಂದನಾಳ ಮುಖ ಬಿಳಿಚಿಕೊಂಡಿತು. "ಹೌದಾ? ನೀನು ಹೇಳ್ಲೇ ಇಲ್ವಲ್ಲ."

ಹೇಳಿದ್ದೇನೆ ಎನ್ನಲು ಹೊರಟ ನಮಿತಾ ನೆನಪು ಮಾಡಿಕೊಂಡಳು. ಲೇಸ್ ಹೇಗೆ ಕಟ್ಟಬೇಕು, ನೀರು ಯಾವಾಗ ಕುಡಿಯಬೇಕು ಎಂದೆಲ್ಲ ಹೇಳಿದ್ದಳು. ಇದನ್ನು ಮಾತ್ರ ಹೇಳಿರಲಿಲ್ಲ. ಶೂ ಬಿಗಿಯಾಗುತ್ತದೆ ಎಂದು ಯಾಕೆ ಹೇಳಲಿಲ್ಲ ಎಂದು ಮೆಲ್ಲಗೆ ಕೇಳಿದಳು.

"ಓಡೋವಾಗ ಮಾತಾಡ್ಬೇಡ ಅಂದಿದ್ಯಲ್ಲ."

ತೋಪಿನ ಕಡೆಯಿಂದ ಸೀಟಿ ಕೇಳಿಸಿತು. ಯಾರೋ ಗೆದ್ದಿದ್ದರು. ಕಪ್ ಹೋಯಿತು.

ಆಗ ಅವಳಿಗೆ ಸುಕೇಶ ನೆನಪಾದ. ಎರಡು ವರ್ಷವೂ ಹಗ್ಗ ಎಳೆದವನು ಅವನು, ಹಿಂದೆ ಇದ್ದವಳು ಇವಳು. ಓಡುವಾಗ ಹತ್ತು ಹೆಜ್ಜೆಗೊಮ್ಮೆ ತಿರುಗಿ "ಇದ್ದೀಯನಾ?" ಎಂದು ಕೇಳುತ್ತಿದ್ದ. ಕೇಳಿ ಕೇಳಿ ಇವಳಿಗೆ ರೇಗುತ್ತಿತ್ತು. ಇದ್ದೇನಲ್ಲ, ಸುಮ್ಮನೆ ಓಡು ಎಂದು ಬೈಯುತ್ತಿದ್ದಳು. ಇವತ್ತು ಅವಳು ಒಂದು ಸಲವೂ ತಿರುಗಿರಲಿಲ್ಲ.

ಶೂ ಎರಡನ್ನೂ ಎತ್ತಿಕೊಂಡು, ವಂದನಾಳಿಗೆ ಕೈ ಕೊಟ್ಟು ಎಬ್ಬಿಸಿದಳು. ಕೊನೆಯವರಾದರೂ ಸರಿ, ಇಬ್ಬರೂ ಹೋಗಿ ಮುಟ್ಟೋಣ ಎಂದಳು. ನೀರಿಗೆ ಇಳಿದಾಗ ಗಾಯಕ್ಕೆ ಉಪ್ಪು ತಾಗಿ ವಂದನಾ "ಸ್ಸ್" ಎಂದಳು.

ನಮಿತಾ ಮುಂದೆ ಮುಂದೆ ಆಳ ನೋಡಿಕೊಂಡು ನಡೆದಳು. ನಾಲ್ಕು ಹೆಜ್ಜೆಯೂ ಆಗಿರಲಿಲ್ಲ, ನಿಂತು ತಿರುಗಿದಳು.

"ಇದ್ದೀಯನಾ?"

"ಇದೀನಿ ಕಣೆ," ಎಂದಳು ವಂದನಾ.