ಎರಡನೇ ದೋಸೆ

ದೀಪಶ್ರೀ ಎರಡನೇ ದೋಸೆ ಹೇಳಿದ್ದೇ ತಪ್ಪಾಯಿತು.

ಹೆಣ್ಣು ನೋಡುವ ಶಾಸ್ತ್ರ ಕೊಪ್ಪದ ಬಸ್‌ಸ್ಟ್ಯಾಂಡ್ ಹತ್ತಿರದ ಸುಂದರೇಶಣ್ಣನ ಹೋಟೆಲಿನಲ್ಲೇ ಆಗಲಿ ಎಂದವರು ಗಂಡಿನ ಕಡೆಯವರು. ಮನೆಗೆ ಬಂದು ಉಂಡು, ಆಮೇಲೆ ಬೇಡ ಎಂದರೆ ಚೆನ್ನಾಗಿರುವುದಿಲ್ಲವಂತೆ. ದೀಪಶ್ರೀಗೂ ಅದೇ ಅನುಕೂಲ. ಅವಳು ಕೆಲಸ ಮಾಡುವ ಮೆಡಿಕಲ್ ಶಾಪ್ ಹೋಟೆಲಿನ ಎದುರಿಗೇ ಇತ್ತು. ಮರದ ಬೆಂಚು, ಬಾಳೆಲೆ ತುಂಡಿನ ಮೇಲೆ ದೋಸೆ, ಕೇಳಿದಷ್ಟು ಚಟ್ನಿ. ಕೂಲಿಯವರಿಗೂ ಕೈಗೆಟುಕುವ ಹೋಟೆಲು. ಅವಳ ದಿನದ ತಿಂಡಿ ಅಲ್ಲೇ.

ಎದುರಿಗೆ ಕುಳಿತ ಗಂಡು ಜಯಪ್ರಕಾಶ್ ಅಲ್ಲೇ ಹತ್ತಿರದ ನಾರ್ವೆ ಊರಿನವನು. ಕಳೆ ಹೊಡೆಯುವ ಮೆಷಿನ್, ನೀರಿನ ಪಂಪು ರಿಪೇರಿ ಮಾಡುತ್ತಿದ್ದ. ಎಷ್ಟು ತಿಕ್ಕಿದರೂ ಉಗುರಿನ ಅಂಚಿನ ಗ್ರೀಸು ಹೋಗಿರಲಿಲ್ಲ. ಅದಕ್ಕೇ ಇರಬೇಕು, ಕೈ ಎರಡನ್ನೂ ಮೇಜಿನ ಕೆಳಗಿಟ್ಟುಕೊಂಡಿದ್ದ. ಅವಳು ಅದನ್ನು ಗಮನಿಸಿದಳು. ಗಮನಿಸಿದ್ದು ಅವನಿಗೂ ಗೊತ್ತಾಗಿ ಕಿವಿ ಕೆಂಪಾಯಿತು.

"ದೋಸೆ ಕೈಯಲ್ಲೇ ತಿನ್ಬೇಕಲ್ಲ," ಎಂದಳು ಮೆಲ್ಲಗೆ. "ಎಷ್ಟೊತ್ತು ಬಚ್ಚಿಡ್ತೀರಿ?"

ಅವನು ನಕ್ಕ. ಮೊದಲು ಕಣ್ಣಲ್ಲಿ, ಆಮೇಲೆ ತುಟಿಯಲ್ಲಿ. ಆ ನಗು ಅವಳಿಗೆ ಹಿಡಿಸಿತು. ಮನಸ್ಸು ಹಗುರಾಯಿತು, ಹೊಟ್ಟೆ ಹಸಿಯಿತು. ಬೆಳಿಗ್ಗೆಯಿಂದ ಸೀರೆ, ಹೂವು, ಅಮ್ಮನ ಗಡಿಬಿಡಿಯಲ್ಲಿ ಏನೂ ತಿಂದಿರಲಿಲ್ಲ. ಮೊದಲ ದೋಸೆ ಮುಗಿದದ್ದೇ ತಿಳಿಯಲಿಲ್ಲ.

"ಸುಂದರೇಶಣ್ಣ, ನಂಗೆ ಇನ್ನೊಂದು."

"ಎರಡಾ?" ಎಂದರು ಜಯಪ್ರಕಾಶನ ಪಕ್ಕದಲ್ಲಿದ್ದ ಸೋದರತ್ತೆ ಸುಮಿತ್ರಮ್ಮ. ತಾಯಿಯಿಲ್ಲದ ಅವನನ್ನು ಸಾಕಿದವರು ಅವರೇ. "ನೋಡೋಕೆ ಬಂದ ದಿನವೇ ಹಿಂಗಾದ್ರೆ, ನಮ್ಮ ಹುಡುಗ ದುಡಿದಿದ್ದೆಲ್ಲ ಇವಳ ಹೊಟ್ಟೆಗೇ ಆಯ್ತು."

ಅಕ್ಕಪಕ್ಕದ ಬೆಂಚಿನವರು ತಿರುಗಿ ನೋಡಿದರು. ದೀಪಶ್ರೀಯ ತಾಯಿ ಗುಡ್ಡಮ್ಮ ತಲೆ ತಗ್ಗಿಸಿದಳು.

ದೀಪಶ್ರೀ ಜಯಪ್ರಕಾಶನ ಮುಖ ನೋಡಿದಳು. ಅವನ ತುಟಿ ತೆರೆಯಿತು. ಏನೋ ಹೇಳುತ್ತಾನೆ ಅಂದುಕೊಂಡಳು. ಅವನು ಸಾಂಬಾರಿನ ಬಟ್ಟಲಿನತ್ತ ಕಣ್ಣಿಳಿಸಿದ.

"ನನ್ನ ಹೊಟ್ಟೆಗೆ ನಾನೇ ದುಡೀತೀನಿ," ಎಂದಳು ಸುಮಿತ್ರಮ್ಮನಿಗೆ. "ಈ ಸಂಬಂಧ ನಂಗೆ ಬೇಡ."

ಅಷ್ಟರಲ್ಲಿ ದೋಸೆ ಬಂತು. ಆ ಸಿಟ್ಟಿನಲ್ಲೂ ಅವಸರ ಮಾಡದೆ, ಒಂದು ಚೂರೂ ಬಿಡದೆ ತಿಂದಳು. ಕೈ ತೊಳೆದು ಬಂದು ಅಮ್ಮನನ್ನು ಎಬ್ಬಿಸಿಕೊಂಡು ಹೊರಟಳು.

ಸಂಜೆ ಸುಮಿತ್ರಮ್ಮನ ಫೋನ್ ಬಂತು. ಗುಡ್ಡಮ್ಮನಿಗೆ ಕಿವಿ ಸ್ವಲ್ಪ ಮಂದ. ಯಾವಾಗಲೂ ಸ್ಪೀಕರ್ ಹಾಕಿಯೇ ಮಾತು. ಅವರಿದ್ದ ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿ ಮನೆಮನೆಯ ನಡುವೆ ಇರುವುದು ಒಂದೊಂದೇ ಗೋಡೆ; ಮಾತೆಲ್ಲ ಪಕ್ಕದವರಿಗೂ ಕೇಳಿತು.

"ಹುಡುಗಿ ನಮಗೆ ಒಪ್ಪಿಗೆ ಆಗ್ಲಿಲ್ಲ. ಹೊಟ್ಟೆನೂ ದೊಡ್ಡದು, ಬಾಯಿನೂ ದೊಡ್ಡದು."

"ಬೇಡ ಅಂತ ಎದ್ದು ಬಂದಿದ್ದು ನಾನಲ್ವಾ ಅಮ್ಮ?" ಫೋನ್ ಇಟ್ಟ ಮೇಲೆ ದೀಪಶ್ರೀ ಕೇಳಿದಳು. "ಅವರು ಹೆಂಗೆ ಬೇಡ ಅಂತಾರೆ?"

"ಯಾರು ನಂಬ್ತಾರೆ ಮಾರಾಯ್ತಿ," ಎಂದಳು ಗುಡ್ಡಮ್ಮ. ರಾತ್ರಿ ಊಟಕ್ಕೆ ಬಡಿಸುವಾಗ ಅನ್ನದ ಸೌಟು ಅರ್ಧಕ್ಕೇ ನಿಂತಿತು. "ಇನ್ಮೇಲೆ ನಾಲ್ಕು ಜನರೆದುರು ಸ್ವಲ್ಪ ಕಮ್ಮಿ ತಿನ್ನು ಮಗಾ."

ಸುಮಿತ್ರಮ್ಮನ ಮಾತಿಗೆ ಬರದ ಅಳು ಆಗ ದೀಪಶ್ರೀಗೆ ಬಂತು. ಕಾಫಿ ಕೊಯ್ದು ಸುಸ್ತಾಗಿ ಬಂದ ದಿನವೂ ತನ್ನ ಪಾಲಿನದನ್ನು ಮಗಳ ತಟ್ಟೆಗೆ ಹಾಕಿ ಉಣ್ಣು ಉಣ್ಣು ಎಂದವಳು ಈ ಅಮ್ಮ. ಅವಳ ಬಾಯಲ್ಲಿ ಈ ಮಾತು ಬರುವಂತೆ ಮಾಡಿದವರನ್ನು ಬಿಡಬಾರದು ಅನ್ನಿಸಿತು. ಆ ಸಿಟ್ಟಿನಲ್ಲಿ ಸುಮಿತ್ರಮ್ಮನಿಗಿಂತ ದೊಡ್ಡ ಪಾಲು ಸುಮ್ಮನೆ ಕೂತಿದ್ದವನದು. ಅವನ ನಗು ಹಿಡಿಸಿತ್ತಲ್ಲ ಎಂದು ತನ್ನ ಮೇಲೂ ಸಿಟ್ಟು ಬಂತು.

ಮುಂದಿನ ಶನಿವಾರ ಬೆಳಿಗ್ಗೆ ಅವಳು ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಿದ್ದಾಗ ಮೇಜಿನ ಮೇಲೆ ನೆರಳು ಬಿತ್ತು.

"ಇಲ್ಲಿ ಕೂರ್ಬಹುದಾ?" ಜಯಪ್ರಕಾಶ್.

"ಬೆಂಚು ಸುಂದರೇಶಣ್ಣಂದು. ಅವರನ್ನ ಕೇಳಿ."

"ಕೂರಪ್ಪ," ಎಂದರು ಸುಂದರೇಶಣ್ಣ ಕಾವಲಿಯ ಹತ್ತಿರದಿಂದಲೇ. "ಈ ಸಲ ಬಾಯಿ ತಂದಿದ್ದೀಯ ತಾನೆ?"

ಅವನು ಕೂತ. ಕೈ ಎರಡೂ ಈಗ ಮೇಜಿನ ಮೇಲಿದ್ದವು. "ಅವತ್ತು ನಾನು ಮಾತಾಡ್ಬೇಕಿತ್ತು."

"ಹೌದು."

"ಅತ್ತೆಗೆ ಎದುರು ಮಾತಾಡಿ ಅಭ್ಯಾಸ ಇಲ್ಲ."

"ನಿಮಗೆ ಅಭ್ಯಾಸ ಇಲ್ಲ ಅಂತ ನಮ್ಮಮ್ಮ ತಲೆ ತಗ್ಗಿಸ್ಬೇಕಾ?"

ಅವನು ತಡವರಿಸಿದ. "ಬೇಡ ಅಂತ ಹೇಳಿ ಕಳ್ಸಿದ್ದು ಅತ್ತೆ. ನಾನಲ್ಲ. ಅದನ್ನ ಹೇಳೋಣ ಅಂತ ಬಂದೆ."

"ಬೇಡ ಅಂದಿದ್ದು ನಾನು." ಅವಳು ತಟ್ಟೆ ದೂಡಿದಳು. "ನಿಮ್ಮತ್ತೆ ಅದನ್ನೂ ಕಿತ್ಕೊಂಡ್ರು. ಲೈನಿನಲ್ಲಿ ಈಗ ನಾನು ಗಂಡಿನವರು ಬೇಡ ಅಂದ ಹುಡುಗಿ. ಹೆತ್ತ ತಾಯಿ ನಂಗೆ ಕಮ್ಮಿ ತಿನ್ನು ಅಂತಾಳೆ. ಗೊತ್ತಾ ನಿಮಗೆ?"

ಅವನಿಗೆ ಗೊತ್ತಿರಲಿಲ್ಲ. ಮುಖ ಕಂದಿತು. ಜೇಬಿನಿಂದ ಫೋನ್ ತೆಗೆದ. ಅತ್ತೆಯ ನಂಬರು ಒತ್ತಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ.

"ಅತ್ತೆ, ಗುಡ್ಡಮ್ಮನವರಿಗೆ ಒಂದು ಫೋನ್ ಮಾಡಿ. ಬೇಡ ಅಂದಿದ್ದು ಅವರ ಮಗಳು, ನಾವಲ್ಲ ಅಂತ ಹೇಳಿ. ತಿನ್ನೋದನ್ನ ಆಡಿದ್ದು ತಪ್ಪಾಯ್ತು ಅಂತಾನೂ ಹೇಳಿ."

"ತಲೆ ಕೆಟ್ಟಿದ್ಯಾ ನಿಂಗೆ?" ಸುಮಿತ್ರಮ್ಮನ ದನಿ ಹೋಟೆಲಿಗೆಲ್ಲ ಕೇಳಿತು. "ಆ ಹುಡುಗಿಗೋಸ್ಕರ ನನ್ನ ಮೇಲೆ ಬರ್ತೀಯಾ?"

ಅವನು ಸ್ಪೀಕರ್ ಆರಿಸಲಿಲ್ಲ.

"ನೀವು ನನ್ನ ಸಾಕಿದ್ರಿ ಅತ್ತೆ. ಒಂದು ದಿನನೂ ನನ್ನ ತಟ್ಟೆ ನೋಡಿ ಲೆಕ್ಕ ಹಾಕ್ಲಿಲ್ಲ. ಬೇರೆಯವರ ಮಗಳಿಗೆ ಎಂತಕ್ಕೆ ಹಾಕಿದ್ರಿ?"

ಸುಮಿತ್ರಮ್ಮನ ದನಿ ತಗ್ಗಿತು. "ಮಾಡ್ತೀನಿ, ಇಡು," ಎಂದರು.

ಸುಂದರೇಶಣ್ಣ ಕೇಳದೆಯೇ ಕಾಫಿ ತಂದಿಟ್ಟು ಹೋದರು. ಇಬ್ಬರೂ ಮುಟ್ಟಲಿಲ್ಲ. ಅದು ಆರುವ ಹೊತ್ತಿಗೆ ದೀಪಶ್ರೀಯ ಫೋನ್ ಹೊಡೆದುಕೊಂಡಿತು.

"ಆ ಯಮ್ಮ ಫೋನ್ ಮಾಡಿತ್ತು ಮಗಾ," ಗುಡ್ಡಮ್ಮನ ದನಿಯಲ್ಲಿ ಅಳುವೂ ಇತ್ತು, ನಗುವೂ ಇತ್ತು. "ಬೇಡ ಅಂದಿದ್ದು ನಿಮ್ಮ ಮಗಳೇ, ನಂದು ತಪ್ಪಾಯ್ತು ಅಂತು. ತೋಟಕ್ಕೆ ಹೊರಟಿದ್ದ ಪಕ್ಕದ ಮನೆಯವರೆಲ್ಲ ಕೇಳಿಸ್ಕೊಂಡ್ರು."

ಫೋನ್ ಇಟ್ಟಾಗ ಜಯಪ್ರಕಾಶ್ ಅವಳನ್ನೇ ನೋಡುತ್ತಿದ್ದ. "ಬೇಡ ಅಂದಿದ್ದು ನೀವು ಅಂತ ಈಗ ಎಲ್ರಿಗೂ ಗೊತ್ತಾಯ್ತಲ್ಲ," ಎಂದ. "ಇನ್ನೊಂದ್ಸಲ ಕೇಳ್ಬಹುದಾ? ಮನೆಯವರ ಪರವಾಗಿ ಅಲ್ಲ. ನಾನೇ."

"ಎಂತಕ್ಕೆ?"

"ಅವತ್ತು ನೀವು ಅಷ್ಟು ಸಿಟ್ಟಲ್ಲೂ ಕೂತು ಪೂರ್ತಿ ತಿಂದ್ರಲ್ಲ. ನಿಮ್ಮ ಎದುರು ದಿನಾ ಕೂತು ಉಣ್ಬೇಕು ಅನ್ನಿಸ್ತು. ಹೇಳೋಕೆ ಧೈರ್ಯ ಬರ್ಲಿಲ್ಲ."

ಅವಳಿಗೆ ನಗು ಬಂತು. ತಡೆದುಕೊಂಡಳು. "ನಂಗೆ ಸಿಟ್ಟು ಇನ್ನೂ ಹೋಗಿಲ್ಲ."

"ಇರ್ಲಿ."

"ಇನ್ನೊಂದ್ಸಲ ಸುಮ್ನೆ ಕೂತ್ರೆ ನಾನು ಎದ್ದು ಹೋಗೋಳೇ."

"ಗೊತ್ತು."

ಅವಳು ಎದ್ದು ಕೈ ತೊಳೆದು ಬಂದಳು. "ನಾಳೆ ಭಾನುವಾರ. ಅಮ್ಮ ಮನೇಲಿರ್ತಾಳೆ. ಒಬ್ರೇ ಬನ್ನಿ."

ಅವನು ಏನೋ ಹೇಳುವ ಮೊದಲೇ ಹೊರಬಿದ್ದು ರಸ್ತೆ ದಾಟಿದಳು. ತಿರುಗಿ ನೋಡಬಾರದು ಅಂದುಕೊಂಡಿದ್ದಳು, ನೋಡಲೂ ಇಲ್ಲ. ಆದರೆ ಮೆಡಿಕಲ್ ಶಾಪಿನ ಗಾಜಿನ ಬಾಗಿಲಲ್ಲಿ, ಅವನು ಹೋಟೆಲಿನ ಮೆಟ್ಟಿಲ ಮೇಲೆ ಇನ್ನೂ ನಿಂತಿರುವುದು ಕಂಡಿತು. ಬಾಗಿಲು ತಳ್ಳಲು ಅವಳು ಸ್ವಲ್ಪ ತಡಮಾಡಿದಳು.