ಏಳನೇ ಬೆಳಗಿನ 6174

"ಅಳಿಸ್ಬೇಡಿ!"

ಡಸ್ಟರ್ ಹಿಡಿದ ಶರಣ್ಯಾಳ ಕೈ ಕಪ್ಪು ಹಲಗೆಯ ಮೇಲೇ ಮರಗಟ್ಟಿತು.

ದನಿ ಬಂದದ್ದು ಕಿಟಕಿಯಿಂದ. ಸರಳುಗಳ ಆಚೆ, ಬೆಳಗಿನ ಮಂಜಿನೊಳಗೆ ಎರಡು ಕಣ್ಣು... ಬೇಡಿಕೊಳ್ಳುತ್ತಿರುವ ಕಣ್ಣು! ಅವಳು ಉಸಿರೆಳೆದುಕೊಳ್ಳುವಷ್ಟರಲ್ಲಿ ಅಲ್ಲಿ ಬರೀ ಮಂಜು.

ಹಲಗೆಯ ಎಡಮೂಲೆಯಲ್ಲಿ, ಕಿಟಕಿಗೆ ಒತ್ತಿಕೊಂಡಂತೆ, ಓರೆಯಾಗಿ ಒಂದು ಸಂಖ್ಯೆ. 6174.

ಚನ್ನರಾಯನದುರ್ಗದ ಬೆಟ್ಟದ ಬುಡದ ಹೈಸ್ಕೂಲಿಗೆ ಗಣಿತದ ಅತಿಥಿ ಶಿಕ್ಷಕಿಯಾಗಿ ಬಂದ ಮೊದಲ ದಿನವೇ ಇದು!

'ಹೆದರಿಸಿದರೆ ಹೆದರುವವಳಾ ನಾನು?' ಹಟಕ್ಕೆ ಬಿದ್ದವಳಂತೆ ಪೂರ್ತಿ ಒರೆಸಿಬಿಟ್ಟಳು.

ಗಂಟೆ ಹೊಡೆಯಲು ಬಂದ ಜವಾನ ಚಿಕ್ಕನರಸಯ್ಯ ಹಲಗೆ ನೋಡಿ ಬಾಗಿಲಲ್ಲೇ ನಿಂತ.

"ಅಯ್ಯಯ್ಯೋ, ಎಂಥ ಕೆಲ್ಸ ಮಾಡ್ಬುಟ್ರಿ ಮೇಡಮ್ಮೋರೆ! ಗಂಗಾಧರಯ್ಯ ಮೇಷ್ಟ್ರು ಬರ್ದಿದ್ದು ಕಣಮ್ಮ ಅದು."

"ಅವರಿಗೆ ನಾನೇ ಹೇಳ್ತೀನಿ ಬಿಡಿ. ಎಲ್ಲಿದ್ದಾರೆ?"

"ಮೇಲೆ." ಅವನು ಬೆರಳೆತ್ತಿದ. "ಮೂರು ವರ್ಸ ಆತು. ಇದೇ ಲೆಕ್ಕ ಬರೀತಾ ಇಲ್ಲೇ ಕುಸ್ದು ಬಿದ್ರು. ಮೂರು ಸಲ ಸುಣ್ಣ ಬಳುದ್ರು, ಹಲಗೆಗೆ ಬಣ್ಣ ಹೊಡುದ್ರು. ಬೆಳಗಾದ್ರೆ ಅದೇ ನಂಬ್ರ! ನಿಮಗಿಂತ ಮುಂಚೆ ಬಂದಿದ್ದ ಇಬ್ರು ಮೇಡಮ್ಮೋರು ಓಡೋದ್ರು."

"ಕಿಟಕಿ ಹತ್ರ ಒಬ್ರು ಕೂಗಿದ್ರಲ್ಲ?"

"ಅವ್ನು ಮೇಷ್ಟ್ರ ಮಗ, ಪೋಸ್ಟ್‌ಮ್ಯಾನ್ ರಂಗನಾಥ. ಅಪ್ಪ ಸತ್ತಾಗ್ಲಿಂದ ಈ ರೂಮಿಗೆ ಕಾಲಿಕ್ಕಿಲ್ಲ."

ಅದು ಶನಿವಾರ. ಸೋಮವಾರ ಬೆಳಿಗ್ಗೆ ಅವಳೇ ಬೀಗ ತೆಗೆದಳು. ಕೀಲಿ ಎರಡು ದಿನವೂ ಅವಳ ಬ್ಯಾಗಿನಲ್ಲೇ ಇತ್ತು.

ಎಡಮೂಲೆಯಲ್ಲಿ ಬಿಳಿಬಿಳಿಯಾಗಿ 6174!

 ಗಣಿತ ಓದಿದವಳಲ್ಲವೆ, ಆ ಸಂಖ್ಯೆಯ ಗುಟ್ಟು ಅವಳಿಗೆ ಗೊತ್ತಿತ್ತು. ನಾಲ್ಕಂಕಿಯ ಯಾವ ಸಂಖ್ಯೆಯನ್ನಾದರೂ ತಗೊಳ್ಳಿ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಅದರಿಂದ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೇ ಮಾಡಿ. ಎಲ್ಲಿಂದ ಹೊರಟರೂ ಕೊನೆಗೆ 6174ಕ್ಕೇ ಬಂದು ಬೀಳುತ್ತೀರಿ!

'ಲೆಕ್ಕ ಬರುವ ದೆವ್ವವಾ? ನೋಡೇಬಿಡೋಣ.'

ಸಂಜೆ ಅದನ್ನು ಒರೆಸಿ, ಆ ಜಾಗದಲ್ಲಿ ತಾನು ಹುಟ್ಟಿದ ಇಸವಿ ಬರೆದಳು. 1994. ಬೀಗ ಹಾಕಿ ಎರಡು ಸಲ ಜಗ್ಗಿ ನೋಡಿದಳು.

ಮಂಗಳವಾರ ಬೆಳಿಗ್ಗೆ ಅಲ್ಲಿ 8442.

ಅವಳು ಸೀಮೆಸುಣ್ಣ ಎತ್ತಿಕೊಂಡು ಕಳೆದು ನೋಡಿದಳು. 9941ರಲ್ಲಿ 1499 ಕಳೆದರೆ... 8442. ಸರಿಯಾಗಿದೆ! ಸತ್ತವರು ಕಳೆಯುವ ಲೆಕ್ಕ ಮಾಡುತ್ತಾರಾ?

ಬುಧವಾರ 5994. ಗುರುವಾರ 5355. ದಿನಕ್ಕೊಂದೇ ಹೆಜ್ಜೆ. ಯಾರೋ ನಿಧಾನವಾಗಿ, ಒಂದೊಂದೇ ಮೆಟ್ಟಿಲು ಇಳಿದು ತನ್ನತ್ತ ಬರುತ್ತಿರುವಂತೆ...

ಊರಿನಲ್ಲಿ ಇದನ್ನು ಹೇಳಿಕೊಳ್ಳಲು ಅವಳಿಗೆ ಸಿಕ್ಕಿದ್ದು ಒಬ್ಬನೇ. ಮಧ್ಯಾಹ್ನ ಕಾಗದ ಕೊಡಲು ಬರುವ ರಂಗನಾಥ. ಜಗಲಿಯ ಮೇಲೆ ಕೂತು ಅವನು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದ.

"ಅವತ್ತು ಯಾಕೆ ಹಂಗೆ ಕೂಗಿದ್ರಿ?"

"ಅಪ್ಪನ ಕೊನೇ ಅಂಕಿ ಅಲ್ವಾ ಮೇಡಂ... ತಡೀಲಿಲ್ಲ."

"ಎಲ್ಲಾ ಸಂಖ್ಯೇನೂ ಅಲ್ಲಿಗೇ ಹೋಗೋದು ನೆನೆಸ್ಕೊಂಡ್ರೆ ಭಯ ಆಗುತ್ತೆ ರೀ."

"ಎಲ್ಲಾ ಹೋಗಲ್ಲ. ನಾಲ್ಕೂ ಅಂಕಿ ಒಂದೇ ಆಗಿದ್ರೆ ಕಳೆದ ಕೂಡ್ಲೆ ಸೊನ್ನೆ. ನಮ್ಮ ಪಂಚಾಯ್ತಿ ಮೆಂಬರ್ರು ಫ್ಯಾನ್ಸಿ ನಂಬರ್ ಅಂತ ಕಾರಿಗೆ 4444 ಹಾಕ್ಸಿದ್ದಾರಲ್ಲ... ಪಾಪ, ಜೀವನವೆಲ್ಲ ಓಡ್ಸಿದ್ರೂ ಎಲ್ಲಿಗೂ ಮುಟ್ಟಲ್ಲ!"

ಅವಳು ನಕ್ಕಳು. ಎಷ್ಟು ದಿನವಾಗಿತ್ತು ಹಾಗೆ ನಕ್ಕು! ಮನೆಯಲ್ಲಿ ಎಲ್ಲರೂ ಎಣಿಸುತ್ತಿದ್ದದ್ದು ಅವಳ ವಯಸ್ಸೊಂದನ್ನೇ. ಅವಳ ಭಯವನ್ನು ಭಯ ಅಂತ ಕೇಳಿಸಿಕೊಂಡವನು ಇವನೊಬ್ಬನೇ.

ಶುಕ್ರವಾರ 1998. ಶನಿವಾರ 8082. ರಜೆಯಾದರೂ ಭಾನುವಾರ ಓಡಿಬಂದು ನೋಡಿದಳು, 8532.

ಅವಳಿಗೆ ಲೆಕ್ಕ ಗೊತ್ತಿತ್ತು. ಏಳನೆಯ ಹೆಜ್ಜೆಗೆ 6174. ಅಂದರೆ ನಾಳೆ... ಅದು ಬಂದು ತಲುಪುತ್ತದೆ.

ಸೋಮವಾರ ಇನ್ನೂ ಬೆಳಕು ಹರಿಯುವ ಮೊದಲೇ ಬಂದು, ಒಳಗಿನಿಂದ ಚಿಲಕ ಹಾಕಿಕೊಂಡು, ಬೆಂಚಿನ ಹಿಂದೆ ಕೂತಳು.

ಕಿಟಕಿಯ ಬಾಗಿಲು ಕಿರ್ರೆಂದಿತು.

ಸರಳುಗಳ ನಡುವೆ ಒಂದು ಕೈ ಒಳಗೆ ಬಂತು. ಬರೀ ಕೈ! ಬಟ್ಟೆಯಿಂದ 8532 ಒರೆಸಿತು. ಸೀಮೆಸುಣ್ಣ ಕಿರುಗುಟ್ಟಿತು. ಆರು... ಒಂದು... ಏಳು...

"ಯಾರದು!"

ಕೈ ಅಲ್ಲೇ ನಿಂತಿತು. ಅವಳು ನುಗ್ಗಿ ಹೋಗಿ ಆ ಮಣಿಕಟ್ಟು ಹಿಡಿದುಬಿಟ್ಟಳು. ಬೆಚ್ಚಗಿತ್ತು. ನಾಡಿ ಹೊಡೆದುಕೊಳ್ಳುತ್ತಿತ್ತು.

ಸರಳುಗಳ ಆಚೆ ಅವೇ ಕಣ್ಣು.

"ರಂಗನಾಥ್... ನೀವಾ?"

ಅವನು ಕೈ ಹಿಂದಕ್ಕೆಳೆಯಲು ನೋಡಿದ.

"ದಿನಾ ನಿಮ್ಮ ಮುಂದೆ ಕೂತು ಹೆದರ್ಕೋತಿದ್ದೆನಲ್ರೀ! ಒಳಗೊಳಗೇ ನಗ್ತಿದ್ರಾ? ಆ ಇಬ್ರನ್ನೂ ಹಿಂಗೇ ಓಡ್ಸಿದ್ರಾ?" ಅವಳ ಕಣ್ಣು ತುಂಬಿತು. "ಗೆದ್ರಿ ಬಿಡಿ. ಇವತ್ತೇ ಹೋಗ್ತೀನಿ."

"ಮೇಡಂ, ಆ ಕಡೆ ನೋಡಿ... ಒಂದೇ ಒಂದ್ಸಲ."

ಬೇವಿನ ಮರದ ಕೆಳಗಿಂದ ಒಬ್ಬ ಮುದುಕಿ ನಿಧಾನವಾಗಿ ಬರುತ್ತಿದ್ದರು.

"ನಮ್ಮವ್ವ, ನಾಗರತ್ನಮ್ಮ. ಓದೋಕೆ ಬರಲ್ಲ. ಈ ನಾಲ್ಕು ಅಂಕಿ ಮಾತ್ರ ಗುರುತು. ದಿನಾ ಬೆಳಿಗ್ಗೆ ಇದನ್ನ ನೋಡಿದ್ಮೇಲೇ ಕಾಫಿ ಕುಡಿಯೋದು. ಅಪ್ಪ ಇಲ್ಲೇ ಇದ್ದಾರೆ ಅಂತ..." ಅವನ ದನಿ ಒಡೆಯಿತು. "ಒಳಗೆ ಬರೋ ಧೈರ್ಯ ನನಗಿಲ್ಲ. ಕೈಯಷ್ಟೇ ಬರುತ್ತೆ."

ಅವಳು ಹಿಡಿತ ಸಡಿಲಿಸಿದಳು, ಬಿಡಲಿಲ್ಲ.

"ಹಂಗಾದ್ರೆ ನಾನು ಒರೆಸಿದಾಗ ನೇರವಾಗಿ 6174 ಬರೀಬಹುದಿತ್ತಲ್ಲ?"

"ಯಾರೇ ಲೆಕ್ಕ ಶುರು ಮಾಡ್ಲಿ, ಅರ್ಧಕ್ಕೆ ಅಳಿಸ್ಬಾರ್ದು, ದಿನಕ್ಕೊಂದು ಹೆಜ್ಜೆ ಹಾಕಿ ಮುಗಿಸ್ಬೇಕು. ಅಪ್ಪ ಇದೇ ಹಲಗೆ ಮೇಲೆ ಮಾಡ್ತಿದ್ದಿದ್ದು ಅದನ್ನೇ. ನಿಮ್ಮ ಲೆಕ್ಕ ಅಳಿಸೋಕೆ ಮನಸ್ಸು ಬರ್ಲಿಲ್ಲ. ಅಪ್ಪ ಏಳು ದಿನ ಬ್ಯಾರೆ ಊರಿಗೆ ಹೋಗವ್ರೆ ಅಂತ ಅವ್ವನಿಗೆ ಸುಳ್ಳು ಹೇಳ್ದೆ."

ಮುದುಕಿ ಕಿಟಕಿಗೆ ಬಂದು ಇಬ್ಬರ ಕೈಗಳನ್ನೂ ನೋಡಿದರು.

"ಸಿಕ್ಕಾಕ್ಕಂಡ್ಯೇನ್ಲಾ?" ಎಂದರು. "ಸತ್ತೋರು ಎಲ್ಲಾದ್ರೂ ಬರೀತಾರೇನವ್ವ? ಬರಿಯೋನು ಇವ್ನೇ ಅಂತ ಮೊದ್ಲ ದಿನಾನೇ ಗೊತ್ತು ನಂಗೆ. ನಾನು ಬರೋದು ಬುಟ್ರೆ ಇವ್ನು ಬರಿಯೋದೂ ಬುಟ್ಟಾನು. ಆಮ್ಯಾಕೆ ಒಬ್ನೇ ಕುಂತು ಕೊರಗ್ತಾನೆ. ಅದಕ್ಕೇ ಬತ್ತೀನಿ."

"ಅವ್ವಾ... ಗೊತ್ತಿತ್ತಾ ನಿಂಗೆ?" ಎಂದ ರಂಗನಾಥ.

"ಆರು ದಿನ ಬ್ಯಾರೆ ಬ್ಯಾರೆ ಏನೇನೋ ಬರ್ದ. ನೋಡ್ತಿದ್ದೆ. ಮೂರು ವರ್ಸಕ್ಕೆ ಈ ವಾರ ಮನೇಲಿ ನಗ್ತಾ ಉಣ್ಣೋಕೆ ಕುಂತವ್ನೆ ಕಣವ್ವ." ಮುದುಕಿ ಸೆರಗು ಸರಿಮಾಡಿಕೊಂಡು ಹಿಂತಿರುಗಿದರು. "ಬಾಕಿ ಲೆಕ್ಕ ನೀವೇ ಮಾಡ್ಕಳ್ಳಿ. ನಾನು ಕಾಫಿ ಕಾಯಿಸ್ತೀನಿ. ಮೂರು ಲೋಟ."

ಹೊರಗೆ ಬೆಟ್ಟದ ಕೋಟೆ ಮಂಜಿನಿಂದ ಒಂದೊಂದೇ ಕಲ್ಲಾಗಿ ಹೊರಬರುತ್ತಿತ್ತು.

ಹಲಗೆಯ ಮೇಲೆ 617 ಅಷ್ಟೇ ಇತ್ತು. ಶರಣ್ಯಾ ಚಿಲಕ ತೆಗೆದು ಬಾಗಿಲು ಪೂರ್ತಿ ತೆರೆದಳು.

"ಕೊನೇ ಅಂಕಿ ಒಳಗೆ ಬಂದು ಬರೀರಿ."

ಅವನು ಹೊಸ್ತಿಲಲ್ಲಿ ಬಹಳ ಹೊತ್ತು ನಿಂತ. ಅವಳು ಕೈ ಚಾಚಿದಳು. ಅವನು ಕಾಲೆತ್ತಿ ಒಳಗಿಟ್ಟ. ಹಲಗೆಯ ಮೇಲೆ 4 ಬರೆದ.

"ಏಳು ಹೆಜ್ಜೆ ಮುಗೀತು," ಎಂದಳು ಮೆಲ್ಲಗೆ. "ಇಬ್ರು ಏಳು ಹೆಜ್ಜೆ ಹಾಕಿದ್ರೆ ಏನಂತಾರೆ, ಗೊತ್ತಲ್ಲ?"

ಅವನ ಕಿವಿ ಕೆಂಪಾಯಿತು. "ಇವತ್ತೇ ಹೋಗ್ತೀನಿ ಅಂದಿದ್ರಿ..."

"ಮುಂದಿನ ಹೆಜ್ಜೆ ಹೇಳಿ, ಹೋಗ್ತೀನಿ."

ಅವನು ಮನಸ್ಸಿನಲ್ಲೇ ಕಳೆದ. 7641ರಲ್ಲಿ 1467...

"ಮತ್ತೆ ಅದೇ 6174, ಶರಣ್ಯಾ. ಒಂದ್ಸಲ ಇಲ್ಲಿಗೆ ಬಂದ್ರೆ ಎಲ್ಲಿಗೂ ಹೋಗೋಕಾಗಲ್ಲ."

"ಗೊತ್ತು," ಎಂದಳು ಅವಳು. "ಅದಕ್ಕೇ ಕೇಳಿದ್ದು."